ರತ್ನಮ್ಮ ಸೇರಿಸದ ಒಂದು ಮಾತು

ಟೈಪ್ ಮಾಡುವಾಗ ರತ್ನಮ್ಮ ಕೀಲಿಗಳನ್ನು ನೋಡುತ್ತಿರಲಿಲ್ಲ, ಎದುರು ಕೂತವರ ಮುಖ ನೋಡುತ್ತಿದ್ದರು. ಹೇಳುವವರು ತಡವರಿಸಿದರೆ ಅವರ ಬೆರಳೂ ನಿಲ್ಲುತ್ತಿತ್ತು. "ನಿಧಾನ ಹೇಳಿ, ಮಿಷನ್ನಿಗೇನು ಬಸ್ ತಪ್ಪಲ್ಲ" ಎನ್ನುತ್ತಿದ್ದರು. ತೊಂಬತ್ತರ ದಶಕದ ಭದ್ರಾವತಿಯಲ್ಲಿ, ಕಚೇರಿಗಳ ಎದುರಿನ ತಗಡಿನ ಚಪ್ಪರದಡಿ ಅರ್ಜಿ, ದೂರು ಟೈಪ್ ಮಾಡಿಕೊಡುವ ಹೆಂಗಸರೆಂದರೆ ನಾವಿಬ್ಬರೇ. ಅವರಿಗೆ ಐವತ್ತು, ನನಗೆ ಮೂವತ್ತು.

ನಮ್ಮ ಕಸುಬಿನಲ್ಲಿ ಒಂದು ಚಾಳಿಯಿತ್ತು, ದೂರಿಗೆ ತೂಕ ಬರಲೆಂದು ನಾಲ್ಕು ಮಾತು ಸೇರಿಸುವುದು. ಯಾರೋ ಬೈದರೆಂದು ಬಂದವರಿಗೆ ನಾನು "ಅವಾಚ್ಯ ಶಬ್ದಗಳಿಂದ ನಿಂದಿಸಿ, ಪ್ರಾಣಬೆದರಿಕೆ ಹಾಕಿ" ಎಂದು ಟೈಪ್ ಹೊಡೆದುಕೊಡುತ್ತಿದ್ದೆ. ರತ್ನಮ್ಮನದು ಒಂದೇ ಹಟ. "ಬಾಯಿಂದ ಬಂದಷ್ಟೇ ಹೊಡಿ ಮಾರಾಯ್ತಿ. ನಾಳೆ ಸಾಕ್ಷಿ ಹೇಳೋಕೆ ನೀನು ಹೋಗ್ತೀಯಾ?" ಈ ಹಟದಿಂದ ಅವರಿಗೆ ಗಿರಾಕಿಗಳು ಕಡಿಮೆ.

ಒಂದು ಬೆಳಿಗ್ಗೆ ಕಾರ್ಖಾನೆಯ ಕೆಲಸಗಾರರೊಬ್ಬರು ಇಪ್ಪತ್ತೆರಡರ ಮಗಳನ್ನು ಕರೆದುಕೊಂಡು ಬಂದರು. ಅಕ್ಕನ ಗಂಡನೇ, ಅಕ್ಕನ ಮನೆಯಲ್ಲೇ, ಹಾಡಹಗಲು ಅವಳ ಮೇಲೆ ಅತ್ಯಾಚಾರ ಮಾಡಿದ್ದ. ಹುಡುಗಿ ಹೇಳಿದಳು, ರತ್ನಮ್ಮ ಹೊಡೆದರು. ಕೊನೆಗೆ ತಂದೆ ಬಾಗಿ, "ಕಿರುಚಿದ್ಲು ಅಂತ ಸೇರಿಸಿ ಮೇಡಂ. ಇಲ್ದಿದ್ರೆ ಒಪ್ಪಿದ್ಲು ಅಂತಾರೆ" ಎಂದರು.

"ಕೂಗೋಕೆ ಆಗ್ಲಿಲ್ಲ ಅಪ್ಪ. ಕೈಕಾಲೇ ಆಡ್ಲಿಲ್ಲ" ಎಂದಳು ಹುಡುಗಿ, ತಲೆ ಎತ್ತದೆ.

"ಅದನ್ನೇ ಬರೆದಿದೀನಿ" ಎಂದರು ರತ್ನಮ್ಮ. "ಶಿವಮೊಗ್ಗ ಬಸ್‌ಸ್ಟ್ಯಾಂಡಲ್ಲಿ ಕಳ್ಳ ನನ್ನ ಸರ ಕಿತ್ಕೊಂಡಾಗ ನಾನೂ ಕಂಬದ ಹಾಗೆ ನಿಂತಿದ್ದೆ ಸಾರ್. ನೀನೇ ಬಿಚ್ಚಿ ಕೊಟ್ಟಿರ್ಬೇಕು ಅಂತ ಒಬ್ರೂ ಹೇಳ್ಲಿಲ್ಲ."

ತಂದೆಗೆ ಧೈರ್ಯ ಸಾಲಲಿಲ್ಲ. ಮಗಳನ್ನು ಎಬ್ಬಿಸಿಕೊಂಡು ನನ್ನ ಮೇಜಿಗೆ ಬಂದರು. ತಂದೆ ಹೇಳಿದ್ದೇ ಸರಿ ಎನಿಸಿತು ನನಗೆ. ಮಾನವಂತ ಹೆಣ್ಣು ಕೂಗದೆ ಇರುತ್ತಾಳೆಯೇ ಎಂದು ನಂಬಿದ್ದವಳು ನಾನು. ರತ್ನಮ್ಮ ಎದ್ದು ಬಂದು "ಬೇಡ ಕಣೆ" ಎಂದರೂ ಕೇಳದೆ, "ಗಟ್ಟಿಯಾಗಿ ಕಿರುಚಿಕೊಂಡರೂ ಬಿಡದೆ" ಎಂದು ಹೊಡೆದೆ. ಹುಡುಗಿ ಓದಿ, ಅಪ್ಪನ ಮುಖ ನೋಡಿ, ಸಹಿ ಹಾಕಿದಳು.

ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ಅವಳು ಇದ್ದದ್ದನ್ನೇ ಹೇಳಿದಳು, ಕೂಗಲಿಲ್ಲ ಎಂದು. ಭಾವನ ಕಡೆಯ ವಕೀಲರು ನಾನು ಹೊಡೆದ ಹಾಳೆಯನ್ನು ಎತ್ತಿ ಹಿಡಿದು, "ಯಾವುದಮ್ಮ ಸುಳ್ಳು, ಇದೋ ಅದೋ?" ಎಂದು ಕೇಳಿದರಂತೆ. ಭಾವ ಬಿಡುಗಡೆಯಾದ. ಕೇಸೇ ಸುಳ್ಳಂತೆ ಎಂದು ಚಪ್ಪರದಡಿ ಎಲ್ಲರೂ ಆಡಿಕೊಂಡರು. ರತ್ನಮ್ಮ ಬೈಯಲಿ ಎಂದು ನಾನು ಕಾದೆ. ಅವರು ಬೈಯಲಿಲ್ಲ. ಆ ದಿನ ಮಿಷನ್ನಿನ ಮುಚ್ಚಳ ತೆಗೆಯಲೂ ಇಲ್ಲ.

ಕಂಪ್ಯೂಟರ್ ಬಂದು ನಮ್ಮ ಮೇಜುಗಳು ಎದ್ದ ಮೇಲೆ ರತ್ನಮ್ಮ ಶಿವಮೊಗ್ಗದ ಗೋಪಾಳದಲ್ಲಿ ತಮ್ಮನ ಮನೆ ಸೇರಿದರು. ಅವರು ತೀರಿಕೊಳ್ಳುವ ಮುಂಚೆ ಕೊನೆಯ ಸಲ ಅಲ್ಲಿಗೆ ಹೋಗಿದ್ದಾಗ, ಆ ಹುಡುಗಿಯ ಮಾತನ್ನು ನಾನೇ ಎತ್ತಿದೆ.

"ತೀರ್ಪಾದ ಮೇಲೆ ನನ್ನ ಹುಡುಕ್ಕೊಂಡು ಬಂದಿದ್ಲು" ಎಂದರು. "ಯುಗಾದಿಗೆ ಅವಳ ಮನೇಲಿ ಅಕ್ಕ-ಭಾವನ್ನ ಊಟಕ್ಕೆ ಕರೆದಿದಾರಂತೆ. ಕೋರ್ಟೇ ಬಿಟ್ಟ ಮೇಲೆ ಅಳಿಯನ್ನ ನಾವು ಬಿಡೋಕಾಗತ್ತಾ ಅಂತ ಅವರಮ್ಮ. ‘ನಾನೇ ಬಡಿಸ್ಬೇಕಂತೆ ರತ್ನಕ್ಕ, ಎಲ್ಲಿಗೆ ಹೋಗ್ಲಿ’ ಅಂದ್ಲು."

"ನೀವೇನಂದ್ರಿ?"

"ನಮ್ಮನೆಗೆ ಬಾ ಅಂದೆ. ಹೋಳಿಗೆ ಮಾಡಿ, ಎರಡು ಎಲೆ ಹಾಕಿ ಮಧ್ಯಾಹ್ನ ಮೂರರ ತನಕ ಕಾದೆ. ಬರ್ಲಿಲ್ಲ."