ಅಪ್ಪನ ಎಡಮಗ್ಗುಲು

ಅಪ್ಪನನ್ನು ಗಡಹಿಂಗ್ಲಜದ ಆಚೆ, ಅವನು ಕುರಿ ಮೇಯಿಸುತ್ತಿದ್ದ ಮಡ್ಡಿಯ ಓರೆಯಲ್ಲೇ ಮಣ್ಣು ಮಾಡಿದ್ದೆವು. ಮೇಲೆ ಅಲ್ಲಿಯದೇ ಕಪ್ಪು ಕಲ್ಲುಗಳ ಒಟ್ಟಿಲು, ಅಷ್ಟೇ. ಮಳೆಗಾಲದಲ್ಲಿ ಹುಲ್ಲು ಏರಿದರೆ ಗುಡ್ಡ ಯಾವುದು, ಗೋರಿ ಯಾವುದು ಗೊತ್ತಾಗುತ್ತಿರಲಿಲ್ಲ. ಬಲಕ್ಕೆ ಹಾಸುಬಂಡೆ. ಎಡಕ್ಕೆ ಒಬ್ಬರು ಮಲಗುವಷ್ಟು ಮಣ್ಣು. ಆ ಜಾಗ ತನ್ನದೆಂದು ಅವ್ವ ಅವತ್ತೇ ಊರಿನೆದುರು ಹೇಳಿದ್ದಳು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಇಚಲಕರಂಜಿಯ ಮಗ್ಗದಲ್ಲಿ ದುಡಿಯುತ್ತಿದ್ದ ಅಣ್ಣ ಸಿಮೆಂಟು ಚೀಲ ಹೇರಿಕೊಂಡು, ಗೌಂಡಿಯನ್ನು ಕರೆದುಕೊಂಡು ಬಂದ. ಕೊಲ್ಲಾಪುರದಲ್ಲಿ ಪಂಚಗಂಗೆಯ ದಂಡೆಯ ಮೇಲೆ ರಾಜರ ಸಮಾಧಿಗಳಿಗೆ ಕಟ್ಟಿದ ಛತ್ರಿಗಳನ್ನು ನೋಡಿದ್ದನಂತೆ. ಅಪ್ಪನಿಗೂ ನಾಲ್ಕು ಕಂಬ, ಮೇಲೊಂದು ಗುಮ್ಮಟ! ಗೌಂಡಿ ಗೂಟ ಬಡಿದು ದಾರ ಎಳೆದ. ಬಲಕ್ಕೆ ಬಂಡೆ ಅಡ್ಡ ಬಂತು, ಕಟ್ಟೆಯ ಅಗಲವೆಲ್ಲ ಎಡಕ್ಕೇ ಸರಿಯಿತು. ಅವ್ವನ ಜಾಗ ದಾರದೊಳಗೆ ಹೋಯಿತು. ನನ್ನ ಮೈ ಉರಿದುಹೋಯಿತು.

“ಏ ಅಣ್ಣಾ, ಅವ್ವನ ಜಾಗ ನುಂಗಾಕತ್ತೀಯಲ್ಲೋ!”

“ಸುಮ್ನಿರ. ಅವ್ವಗ ಕೆಳಗ ಹೊಲದಾಗ ಬೇಕಾದಷ್ಟು ಜಾಗ ಐತಿ. ರೋಡಿನ್ಯಾಗ ಹೋಗೋ ಮಂದಿಗೆ ಇಲ್ಲಿ ಅಪ್ಪ ಮಲಗ್ಯಾನ ಅಂತ ಕಾಣಬ್ಯಾಡೇನ?”

“ರೋಡಿನ ಮಂದಿಗೆ ತೋರಸಾಕ ಅಪ್ಪ ಏನ್ ಪುಢಾರಿ ಆಗಿದ್ನಾ?”

ನದಿಯ ದಂಡೆಗೆ ಆ ಛತ್ರಿಗಳು ಒಪ್ಪುತ್ತವೆ. ಕೆಳಗೆ ನೀರಿದೆ, ಮೆಟ್ಟಿಲಿವೆ, ಜಳಕಕ್ಕೆ ಬರುವ ಜನರಿದ್ದಾರೆ. ಈ ಬೋಳು ಮಡ್ಡಿಯ ಮೇಲೆ ಗುಮ್ಮಟವೆಂದರೆ ಕುರಿಹಟ್ಟಿಯಲ್ಲಿ ಕುರ್ಚಿ ಹಾಕಿದ ಹಾಗೆ. ಮುಖದ ಮೇಲೆಯೇ ಹೇಳಿದೆ. ಅಣ್ಣ ಕೆಂಡವಾದ.

“ಮಗಾ ನಾನ ಅದೇನಿ. ನೀ ಹೆಣ್ಮಗಳು, ನಡುವ ಬಾಯಿ ಹಾಕಬ್ಯಾಡ” ಎಂದು ಗೌಂಡಿಯ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದ. “ಸುರು ಕರಾ, ಮಿಸ್ತ್ರಿ.”

ಗುದ್ದಲಿ ಮೇಲೆದ್ದಿತು. ನಾನು ದಾರಕ್ಕೆ ಕೈ ಹಾಕಿದೆ, ಅಣ್ಣ ನನ್ನ ರಟ್ಟೆ ಹಿಡಿದ. ಅಷ್ಟರಲ್ಲಿ ಅವ್ವ ಏದುಸಿರು ಬಿಡುತ್ತ ಓರೆ ಹತ್ತಿ ಬಂದಳು. ನಮ್ಮಿಬ್ಬರನ್ನೂ ಬೈಯಲಿಲ್ಲ, ನೋಡಲೂ ಇಲ್ಲ. ಸೆರಗನ್ನು ತಲೆ ತುಂಬ ಹೊದ್ದು, ದಾರ ದಾಟಿ, ಕಲ್ಲುಗಳ ಎಡಕ್ಕೆ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು.

ಜೀವಂತ ಇರುವ ಅವ್ವನನ್ನು ಅಲ್ಲಿ ಹಾಗೆ ನೋಡುವುದು ಯಾವ ಮಕ್ಕಳಿಗೂ ಬೇಡ.

“ಅವ್ವಾ, ಏಳ. ಮಂದಿ ನೋಡ್ತಾರ” ಎಂದ ಅಣ್ಣ.

ಅವ್ವ ಕಣ್ಣು ತೆರೆಯಲಿಲ್ಲ. “ನೋಡ್ಲಿ. ಸಾಯೋತನಾ ಕುರಿ ಹಿಂದ ಊರೂರ ತಿರಗಿದಾಂವ ಅವ. ನನ್ನ ಮಗ್ಗಲಕ ಮಲಗಿದ್ದ ಭಾಳ ಕಡಿಮಿ. ಈಗರ ಒಂದ ಕಡೆ ಅದಾನ ಅಂದ್ರ, ನೀ ನಡುವ ಗ್ವಾಡಿ ಕಟ್ಟತೀಯೇನೋ?”

ಗೌಂಡಿ ಗುದ್ದಲಿ ಕೆಳಗಿಟ್ಟ. ಅಣ್ಣ ಮೊಣಕಾಲೂರಿ ಕುಳಿತು ಗೂಟಗಳನ್ನು ಕೀಳತೊಡಗಿದ. ಕೊನೆಯದನ್ನು ಕಿತ್ತ ಮೇಲೂ ಅವ್ವ ಏಳಲಿಲ್ಲ.