ಟ್ಯಾಮ್ಸಿನ್ ಅಕ್ಕನ ಸುಟ್ಟ ಕೈ

ಟ್ಯಾಮ್ಸಿನ್ ಅಕ್ಕನನ್ನು ಮಾಟಗಾತಿಯೆಂದು ನೇಣಿಗೆ ಹಾಕಿ ಐದು ವರ್ಷವಾಗುತ್ತ ಬಂತು. ಈಗ ನಮ್ಮ ಮಸಾಚುಸೆಟ್ಸ್ ಸೀಮೆಯ ದೊಡ್ಡವರಿಗೆ ಜ್ಞಾನೋದಯವಾಗಿದೆ. ತಪ್ಪಾಯಿತಂತೆ, ಎಲ್ಲರೂ ಒಂದು ದಿನ ಉಪವಾಸವಿದ್ದು ದೇವರ ಕ್ಷಮೆ ಕೇಳಬೇಕಂತೆ! ಕೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಒಂದು ಹೊತ್ತಿನ ಗಂಜಿ ಬಿಟ್ಟರೆ ಸತ್ತವಳು ಎದ್ದು ಬರುತ್ತಾಳೆಯೇ? ನಾನೂ ಉಪವಾಸವಿದ್ದೆ, ಇಲ್ಲವೆನ್ನುವುದಿಲ್ಲ. ಆದರೆ ಆ ದಿನ ಪ್ರಾರ್ಥನೆಯ ಸಭಾಮನೆಯ ಬೆಂಚಿನ ಮೇಲೆ ಕೂತು ನಾನು ನೆನೆದದ್ದು ಅವಳನ್ನು, ದೇವರನ್ನಲ್ಲ.

ಅವಳು ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವಳು. ಟ್ಯಾಮ್ಸಿನ್ ಪೆಂಗೆಲಿ ಎಂದು ಪೂರ್ತಿ ಹೆಸರು. ಒಂಬತ್ತು ವರ್ಷದವಳಿದ್ದಾಗ ತಾಯಿಯ ಜೊತೆ ಹಡಗು ಹತ್ತಿದಳು, ಇಳಿಯುವಾಗ ಒಬ್ಬಳೇ ಇಳಿದಳು. ತಾಯಿ ದಾರಿಯಲ್ಲೇ ಜ್ವರ ಬಂದು ಸಮುದ್ರದ ಪಾಲಾಗಿದ್ದಳು. ಹತ್ತು ವರ್ಷ ಅವರಿವರ ಮನೆಯಲ್ಲಿ ಕಸಮುಸುರೆ ಮಾಡಿ, ಪೀಪಾಯಿ ಮಾಡುವವನೊಬ್ಬನನ್ನು ಮದುವೆಯಾದಳು. ಮೂರು ಮಕ್ಕಳಾದವು. ಗಂಟಲಬೇನೆ ಬಂದ ಒಂದು ಚಳಿಗಾಲದಲ್ಲಿ ಮೂರನ್ನೂ ಮಣ್ಣು ಮಾಡಿದರು. ಮರ ಕಡಿಯುವಾಗ ಅದೇ ಮರ ಮೈಮೇಲೆ ಬಿದ್ದು ಗಂಡನೂ ಹೋದ. ಇಷ್ಟೆಲ್ಲ ಆದಾಗ ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಆಮೇಲೆ ಅವಳು ಸಾಬೂನು ಕಾಯಿಸತೊಡಗಿದಳು. ವಾರಕ್ಕೊಮ್ಮೆ ಮನೆಮನೆಗೆ ಬಂದು ಒಲೆಯ ಬೂದಿ, ಉಳಿದ ಹಂದಿಯ ಕೊಬ್ಬು ಒಯ್ಯುವಳು. ಬೂದಿಯಿಂದ ನೀರು ಬಸಿದು ಕೊಬ್ಬಿನ ಜೊತೆ ದೊಡ್ಡ ಕೊಳದಪ್ಪಲೆಯಲ್ಲಿ ಕುದಿಸಿ, ಆದ ಸಾಬೂನಿನಲ್ಲಿ ಅರ್ಧವನ್ನು ನಮಗೇ ತಂದು ಕೊಡುವಳು. ಆ ಬೂದಿನೀರು ಒಂದು ತೊಟ್ಟು ಸಿಡಿದರೂ ಸಾಕು, ಚರ್ಮ ಕಿತ್ತು ಬರುತ್ತದೆ. ಇಪ್ಪತ್ತು ವರ್ಷ ಅವಳ ಪಕ್ಕದ ಮನೆಯಲ್ಲಿ ಬಾಳಿದವಳು ನಾನು. ಅವಳ ಕೈಯಲ್ಲಿ ಸುಟ್ಟ ಗಾಯವಿಲ್ಲದ ವಾರವನ್ನೇ ನಾನು ನೋಡಿಲ್ಲ.

ಬಾಯಿ ಮಾತ್ರ ಬಲು ಜೋರು. ನಮ್ಮ ಸಭಾಮನೆಯಲ್ಲಿ ಪ್ರವಚನ ಮೂರು ತಾಸು ನಡೆಯುತ್ತದೆ. ತೂಕಡಿಸುವವರನ್ನು ತಿವಿದು ಎಬ್ಬಿಸಲು ಕೋಲು ಹಿಡಿದವನೊಬ್ಬ ಓಡಾಡುತ್ತಿರುತ್ತಾನೆ. ಒಂದು ಭಾನುವಾರ ಅವನು ಟ್ಯಾಮ್ಸಿನ್ ಅಕ್ಕನಿಗೆ ತಿವಿದ.

“ಏನಪ್ಪಾ, ಮುಗೀತಾ?” ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ.

“ಇಲ್ಲಮ್ಮ, ಇನ್ನೂ ನಡೀತಾ ಇದೆ.”

“ಮತ್ಯಾಕೆ ಎಬ್ಬಿಸ್ದೆ? ಮುಗಿದ್ಮೇಲೆ ಎಬ್ಬಿಸು.”

ಬೆಂಚುಗಳೆಲ್ಲ ಕಿಸಕ್ಕೆಂದವು. ಪಾದ್ರಿ ಫರ್ನಮ್ ಅವರ ಮುಖ ಕೆಂಪಾಯಿತು. ಅವರು ಮರೆಯುವ ಪೈಕಿಯಲ್ಲ.

ಸಾವಿರದ ಆರುನೂರ ತೊಂಬತ್ತೆರಡು ಬಂತು. ಅಕ್ಕಪಕ್ಕದ ಊರುಗಳಲ್ಲಿ ಹುಡುಗಿಯರು ನೆಲಕ್ಕೆ ಬಿದ್ದು ಹೊರಳಾಡುತ್ತಾರೆ, ಯಾರೋ ಕಚ್ಚಿದರು, ಚಿವುಟಿದರು ಎಂದು ಕಿರುಚುತ್ತಾರೆ ಎಂಬ ಸುದ್ದಿ. ನಮ್ಮ ಪಾದ್ರಿಗಳಿಗೆ ಬೇರೆ ಮಾತೇ ಇಲ್ಲದಾಯಿತು. ಸೈತಾನ ಕಾಡಿನಲ್ಲಿಲ್ಲ, ಇದೇ ಬೆಂಚುಗಳ ಮೇಲೆ ಕೂತಿದ್ದಾನೆ, ನಿಮ್ಮ ಪಕ್ಕದವರ ಮುಖವಾಡ ಹಾಕಿಕೊಂಡಿದ್ದಾನೆ ಎಂದು ಪ್ರತಿ ಭಾನುವಾರ ಹೇಳಿದರು. ನಾವೆಲ್ಲ ಕತ್ತು ತಿರುಗಿಸಿ ಪಕ್ಕದವರನ್ನು ನೋಡಿಕೊಂಡೆವು. ನಾನೂ ನೋಡಿದೆ, ಸುಳ್ಳೇಕೆ ಹೇಳಲಿ.

ಏಪ್ರಿಲ್ ಇರಬೇಕು, ಚಳಿ ಬಿಟ್ಟಿರಲಿಲ್ಲ. ಬೆಳಿಗ್ಗೆಯಿಂದ ಕೆನೆ ಕಡೆಯುತ್ತಿದ್ದೆ, ಮಧ್ಯಾಹ್ನವಾದರೂ ಬೆಣ್ಣೆ ಬರಲಿಲ್ಲ. ರಟ್ಟೆ ಬಿದ್ದುಹೋಗಿತ್ತು. ಆಚೆ ಮನೆಯ ಹೆಪ್ಸಿಬಾ ಬಂದು ಬಾಗಿಲಲ್ಲಿ ನಿಂತಿದ್ದಳು.

“ಜೆರೂಷಾ, ಇದು ಸುಮ್ನೆ ಅಲ್ಲ ಕಣೇ. ಯಾರೋ ಮಾಟ ಮಾಡಿದಾರೆ,” ಎಂದಳು.

“ಥೂ, ಬಿಡ್ತು ಅನ್ನು!”

“ನಮ್ಮಮ್ಮ ಮಾಡ್ತಿದ್ಲು. ಸಲಾಕೆ ಕೆಂಪಗೆ ಕಾಯ್ಸಿ ಕೆನೆಯೊಳಗೆ ಅದ್ದು. ಮಾಟ ಮಾಡ್ದೋಳ ಮೈ ಸುಡತ್ತೆ. ಆಮೇಲೆ ಮೊದಲು ಯಾರು ಏನಾದ್ರೂ ಕೇಳ್ಕೊಂಡು ಬರ್ತಾರೋ, ಅವಳೇ.”

ನಂಬಿದ್ದೆನೇ? ಅರ್ಧ ನಂಬಿದ್ದೆ. ಇನ್ನರ್ಧ ರಟ್ಟೆನೋವು. ಒಲೆಯಲ್ಲಿದ್ದ ಸಲಾಕೆ ತೆಗೆದು ಕೆನೆಯ ಪೀಪಾಯಿಯೊಳಗೆ ಅದ್ದಿದೆ. ಚುರ್ರೆಂದಿತು. ಮತ್ತೆ ಕಡೆದೆ, ಇಷ್ಟೇ ಇಷ್ಟು ಹೊತ್ತಿಗೆ ಬೆಣ್ಣೆ ಬಂತು! ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದೆವು. ಚಳಿಗೆ ಕೆನೆ ತಣ್ಣಗಾಗಿತ್ತು, ಬಿಸಿ ತಗುಲಿದ್ದಕ್ಕೆ ಬೆಣ್ಣೆ ಬಂತು. ಇಷ್ಟು ಸಣ್ಣ ವಿಷಯ ತಿಳಿಯಲು ನನ್ನ ಮಂಡೆಗೆ ಎರಡು ವರ್ಷ ಬೇಕಾಯಿತು.

ಆಗಲೇ ಟ್ಯಾಮ್ಸಿನ್ ಅಕ್ಕ ಒಳಗೆ ಬಂದಳು. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು.

“ಲೇ ಜೆರೂಷಾ, ಕೊಬ್ಬು ಏನಾದ್ರೂ ಉಳಿದಿದ್ಯೇನೇ?”

ಹೆಪ್ಸಿಬಾ ಗೋಡೆಗೆ ಅಂಟಿಕೊಂಡಳು. ನನಗೆ ನಗು ಬಂತು. ಅಯ್ಯೋ, ನಾನು ನಕ್ಕೆ! ಸಾಬೂನು ಕಾಯಿಸುವವಳು ಕೊಬ್ಬು ಕೇಳದೆ ಇನ್ನೇನು ಕೇಳಬೇಕು?

“ಏನಕ್ಕ, ನೀನೇನಾ ನನ್ ಬೆಣ್ಣೆಗೆ ಮಾಟ ಮಾಡಿದ್ದು?” ಎಂದು ಕೇಳಿದೆ.

“ಹೂಂ ಕಣೇ. ಇವತ್ತು ಬೆಣ್ಣೆ, ನಾಳೆ ನಿನ್ ಗಂಡನ್ನ ಕಪ್ಪೆ ಮಾಡ್ತೀನಿ. ಆಗಲಾದ್ರೂ ಎರಡು ಮಾತಾಡ್ತಾನೇನೋ ನೋಡೋಣ.”

ನನ್ನ ಗಂಡ ಮೂಕಬಸವ, ಊರಿಗೆಲ್ಲ ಗೊತ್ತು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೆಪ್ಸಿಬಾ ಮಾತ್ರ ನಗಲಿಲ್ಲ.

ಅದಾಗಿ ಮೂರನೇ ದಿನಕ್ಕೆ ಹೆಪ್ಸಿಬಾಳ ಹನ್ನೊಂದು ವರ್ಷದ ಮಗಳು ಕೈಕಾಲು ಸೆಟೆದುಕೊಂಡು ಬಿದ್ದಳು. ಟ್ಯಾಮ್ಸಿನಜ್ಜಿ ಎದೆಯ ಮೇಲೆ ಕೂತಿದ್ದಾಳೆ ಎಂದು ಅರಚಿದಳು. ಮಗುವಿಗೆ ಆ ಹೆಸರು ಎಲ್ಲಿಂದ ಬಂತು? ಮೂರು ದಿನದಿಂದ ತಾಯಿ ಮನೆಯಲ್ಲಿ ಅದೊಂದೇ ಮಾತಾಡುತ್ತಿದ್ದಳಲ್ಲ! ಸಂಜೆಯೊಳಗೆ ಟ್ಯಾಮ್ಸಿನ್ ಅಕ್ಕನ ಕೈಗೆ ಸರಪಳಿ ಬಿತ್ತು.

ಮಾರನೇ ದಿನ ಪಾದ್ರಿಗಳು ನನ್ನ ಮನೆಗೇ ಬಂದರು. ನಾನು ಅವಳ ಪರ ಮಾತಾಡಲು ಬಾಯಿ ತೆರೆದೆ. ಅವರು ಕೈಯೆತ್ತಿದರು.

“ನೀನು ಮಾಡಿದ್ದೇನು ಗೊತ್ತೇನಮ್ಮಾ? ದೇವರ ಹತ್ರ ಬೇಡ್ಕೊಳ್ಳೋದು ಬಿಟ್ಟು ಕಾದ ಕಬ್ಬಿಣ ಹಿಡ್ದೆ. ಅದೂ ಮಾಟವೇ. ಸೈತಾನನ್ನ ಓಡ್ಸೋಕೆ ಸೈತಾನನ್ನೇ ಕರೆದ ಹಾಗಾಯ್ತು.”

“ನಂಗೆ ಗೊತ್ತಾಗ್ಲಿಲ್ಲ, ಪಾದ್ರಿಗಳೇ. ಹೆಪ್ಸಿಬಾ ಹೇಳಿದ್ಲು...”

“ಹೆಪ್ಸಿಬಾ ತಾನು ನೋಡ್ತಾ ನಿಂತಿದ್ದೆ ಅಷ್ಟೆ ಅಂದಿದಾಳೆ. ಕೋರ್ಟಲ್ಲಿ ನಡೆದದ್ದು ನಡೆದ ಹಾಗೆ ಹೇಳ್ಬಿಡು. ನಿನ್ ಆತ್ಮಕ್ಕೂ ಒಳ್ಳೇದು.”

ಹೆದರಿ ಹೂಂ ಎಂದೆ. ಜೂನ್ ತಿಂಗಳಲ್ಲಿ ಕೋರ್ಟಿಗೆ ಹೋಗಿ ನ್ಯಾಯಾಧೀಶರ ಮುಂದೆ ನಿಂತೆ.

ಸಲಾಕೆ ಅದ್ದಿದೆಯಾ? ಹೌದು. ಬೆಣ್ಣೆ ಬಂತಾ? ಬಂತು. ಈ ಹೆಂಗಸು ಸುಟ್ಟ ಕೈ ಹಿಡ್ಕೊಂಡು ಕೇಳ್ಕೊಂಡು ಬಂದಳಾ? ಬಂದಳು. ಮಾಟ ಮಾಡಿದ್ದು ನಾನೇ, ನಿನ್ನ ಗಂಡನನ್ನು ಕಪ್ಪೆ ಮಾಡುತ್ತೇನೆ ಎಂದಳಾ?

“ಅದು ತಮಾಷೆಗೆ ಅಂದದ್ದು, ಸ್ವಾಮಿ. ಅವಳ ಕೈ ಯಾವಾಗ್ಲೂ ಸುಟ್ಟೇ ಇರತ್ತೆ, ಅವಳು ಸಾಬೂನು...”

“ಕೇಳಿದಷ್ಟಕ್ಕೆ ಹೇಳು. ಅಂದಳೋ ಇಲ್ವೋ?”

“ಅಂದಳು,” ಎಂದೆ.

ನಡೆದದ್ದನ್ನು ನಡೆದ ಹಾಗೆಯೇ ಹೇಳಿದ್ದೆ, ಒಂದು ಅಕ್ಷರ ಸುಳ್ಳಿಲ್ಲ. ಅಷ್ಟೂ ಸೇರಿ ಒಬ್ಬಳ ಕುತ್ತಿಗೆಗೆ ಹಗ್ಗವಾಯಿತು! ಅವಳಿಗೆ ನೇಣು ಎಂದು ತೀರ್ಪಾಯಿತು. ದೇವರ ಹೆಸರು ಹೇಳಿಯೇ ಅದನ್ನು ಓದಿದರು.

ಉಳಿಯಲು ಒಂದು ದಾರಿಯಿತ್ತು. ಆ ಬೇಸಿಗೆಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ಹೌದು, ನಾನು ಮಾಟಗಾತಿ, ಸೈತಾನನ ಪುಸ್ತಕಕ್ಕೆ ರುಜು ಹಾಕಿದ್ದೇನೆ ಎಂದು ಅತ್ತವರನ್ನು ಗಲ್ಲಿಗೆ ಒಯ್ಯದೆ ಉಳಿಸಿಕೊಂಡಿದ್ದರು. ನಾನು ಮಾಟಗಾತಿಯಲ್ಲ, ದೇವರಾಣೆ ಅಲ್ಲ ಎಂದವರನ್ನು ಗಾಡಿ ಹತ್ತಿಸುತ್ತಿದ್ದರು. ಸುಳ್ಳು ಹೇಳಿದರೆ ಬದುಕು, ನಿಜ ಹೇಳಿದರೆ ನೇಣು! ಇಂಥ ನ್ಯಾಯವನ್ನು ನೀವೆಲ್ಲಾದರೂ ಕೇಳಿದ್ದೀರಾ? ಏನಾದರಾಗಲಿ, ಹೇಗಾದರೂ ಅವಳಿಂದ ಆ ಸುಳ್ಳು ಹೇಳಿಸಿಯೇ ತೀರುತ್ತೇನೆ ಎಂದು ಬುಟ್ಟಿಯಲ್ಲಿ ಜೋಳದ ರೊಟ್ಟಿ ಇಟ್ಟುಕೊಂಡು ಸೆರೆಮನೆಗೆ ಹೋದೆ. ಗಲ್ಲಿಗೆ ಇನ್ನೈದು ದಿನವಿತ್ತು.

ಹುಲ್ಲಿನ ಮೇಲೆ ಕೂತಿದ್ದಳು. ಕಾಲಿಗೆ ಸರಪಳಿ. ಸಾಬೂನಿನ ಕೆಲಸ ಬಿಟ್ಟು ಮೂರು ತಿಂಗಳಾಗಿತ್ತು, ಕೈಯ ಗಾಯಗಳೆಲ್ಲ ಮಾದು ನುಣ್ಣಗಾಗಿದ್ದವು. ನೋಡಿದ್ದೇ ನನಗೆ ಅಳು ತಡೆಯಲಾಗಲಿಲ್ಲ.

“ಅಕ್ಕ, ನಿನ್ ಕಾಲಿಗೆ ಬೀಳ್ತೀನಿ, ಒಪ್ಕೊಂಡ್ಬಿಡು,” ಎಂದೆ. “ರುಜು ಹಾಕ್ದೆ, ತಪ್ಪಾಯ್ತು ಅನ್ನು. ಸುಳ್ಳಾದ್ರೆ ಸುಳ್ಳು, ಜೀವ ಉಳಿಯತ್ತಲ್ಲ!”

“ಸುಳ್ಳು ಹೇಳೋಕೆ ನಂಗೇನು ಕಷ್ಟ? ಹೆಪ್ಸಿಬಾ ಬೇಯ್ಸಿದ ಕಾಳು ಚೆನ್ನಾಗಿದೆ ಅಂತ ಇಪ್ಪತ್ತು ವರ್ಷ ಹೇಳಿಲ್ವೇನೇ ನಾನು?”

“ಮತ್ಯಾಕಕ್ಕ ಈ ಹಟ?”

“ಹಟ ಎಲ್ಲಿ ಬಂತು? ಮೊನ್ನೆ ಒಪ್ಕೊಂಡೆ.”

ನಾನು ಕಣ್ಣೊರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತೆ.

“ಪಾದ್ರಿ ಬಂದಿದ್ರು. ಹೂಂ ಸ್ವಾಮಿ, ರುಜು ಹಾಕಿದೀನಿ ಅಂದೆ. ಅಷ್ಟಕ್ಕೇ ಬಿಡಲ್ಲ ಕಣೇ ಅವರು. ಜೊತೆಗೆ ಯಾರ್ಯಾರಿದ್ರು ಹೇಳು, ಆಗ ನಿನ್ ಮಾತು ನಂಬ್ತೀವಿ ಅಂದ್ರು. ಯಾರೂ ಇರ್ಲಿಲ್ಲ ಅಂದೆ. ಆಗ ಅವರೇ ನೆನಪು ಮಾಡಿದ್ರು. ಸಲಾಕೆ ಕಾಯ್ಸಿದ ಹೆಂಗ್ಸು ನಿನ್ ಪಕ್ಕದ ಮನೆಯೋಳಲ್ವಾ, ಅವಳಿಗೂ ಈ ವಿದ್ಯೆ ಬರತ್ತೆ, ಅವಳೂ ರುಜು ಹಾಕೋಕೆ ಬಂದಿದ್ಲು ತಾನೆ, ಅಂದ್ರು.”

“ನೀನೇನಂದೆ?” ಎಂದೆ.

“ಅವಳಿಗೆ ಬೆಣ್ಣೆ ತೆಗೆಯೋಕೇ ನೆಟ್ಟಗೆ ಬರಲ್ಲ, ಮಾಟ ಎಲ್ಲಿಂದ ಬರಬೇಕು ಅಂದೆ. ಅವರು ಬಿಡ್ಲೇ ಇಲ್ಲ. ಕೊನೆಗೆ, ಹೋಗಿ ಸ್ವಾಮಿ, ನಾನು ಒಪ್ಕೊಂಡಿದ್ದೂ ಸುಳ್ಳು ಅಂದ್ಬಿಟ್ಟೆ.”

ಹೊರಗೆ ಕಾವಲಿನವನು ಕೆಮ್ಮಿದ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವಳಿಗೂ ಬದುಕುವ ಆಸೆಯಿತ್ತು, ಅದು ನನಗೆ ಕಾಣಿಸುತ್ತಿತ್ತು.

“ಈಗ ಹೇಳು ಜೆರೂಷಾ,” ಎಂದಳು. “ಏನ್ ಮಾಡ್ಲಿ? ಒಪ್ಕೊಳ್ಲಾ?”

ನನಗೆ ನಾಲ್ಕು ಮಕ್ಕಳು. ಅದನ್ನೂ ನಾನು ಹೇಳಲಿಲ್ಲ. ಬುಟ್ಟಿಯಿಂದ ರೊಟ್ಟಿ ತೆಗೆದು ಅವಳ ಮಡಿಲಲ್ಲಿಟ್ಟೆ.

“ತಿನ್ನಕ್ಕ, ಆರ್ಹೋಗತ್ತೆ,” ಎಂದೆ.

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ರೊಟ್ಟಿ ಮುರಿದು ತಿಂದಳು.