ಹಿನ್ನೀರಿನ ಮೇಲಿನ ಹಿಂಡು

ವೆಂಡೆಲ್ ಹ್ಯಾಗ್ಲಂಡ್ ಮದುವೆಯಾಗಿ ಮೂವತ್ತು ಚಳಿಗಾಲ ಕಳೆದ ಮೇಲೆ ಮೊದಲ ಸಲ ಅವನ ಮನೆಗೆ ಅಂಗಡಿಯ ಮಾಂಸ ಬಂತು. ಹೆಂಡತಿ ಮಾರ್ವಾ ಅದನ್ನು ಈರುಳ್ಳಿಯ ಜೊತೆ ಹುರಿದು ತಟ್ಟೆಗೆ ಬಡಿಸಿದಳು. ವೆಂಡೆಲ್ ಎರಡು ತುತ್ತು ತಿಂದು ತಟ್ಟೆ ಸರಿಸಿದ.

"ಇದಕ್ಕೆ ರುಚಿಯೇ ಇಲ್ಲ."

"ರುಚಿ ಇರೋದನ್ನ ತಂದಿದ್ರೆ ಅದನ್ನೇ ಮಾಡ್ತಿದ್ದೆ," ಎಂದಳು ಮಾರ್ವಾ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆಡಿದ ಮಾತು ಆಗಲೇ ಮೇಜಿನ ಆಚೆ ತಲುಪಿತ್ತು.

ಐಡಾಹೋದ ಕ್ಲಿಯರ್‌ವಾಟರ್ ಕಣಿವೆಯಲ್ಲಿ ಹುಟ್ಟಿದವರಿಗೆ ಎಲ್ಕ್ ಮಾಂಸ ಹಬ್ಬದೂಟವಲ್ಲ, ದಿನದೂಟ. ಕುದುರೆಯೆತ್ತರದ ಆ ಕಾಡುಜಿಂಕೆ ಒಂದನ್ನು ಶರತ್ಕಾಲದಲ್ಲಿ ಹೊಡೆದರೆ ವಸಂತದವರೆಗೆ ಒಂದು ಸಂಸಾರ ತಿನ್ನುತ್ತಿತ್ತು. ವೆಂಡೆಲ್‌ನ ಅಪ್ಪ ಮರ ಕಡಿಯುವವನು. ವೆಂಡೆಲ್ ಮಾತ್ರ ಹರೆಯದಲ್ಲೇ ಹೇಸರಗತ್ತೆಗಳನ್ನು ಕಟ್ಟಿಕೊಂಡು ಹೊರಗಿನ ಬೇಟೆಗಾರರಿಗೆ ದಾರಿ ತೋರಿಸುವ ಕಸುಬು ಹಿಡಿದ. ಒಹಾಯೋದಿಂದ, ಪೆನ್ಸಿಲ್ವೇನಿಯಾದಿಂದ ಜನ ಬರುತ್ತಿದ್ದರು. ಅವರ ಗಂಟುಮೂಟೆಗಳನ್ನು ಹೇಸರಗತ್ತೆಗಳ ಬೆನ್ನಿಗೆ ಬಿಗಿದು ಮೇಲಿನ ಕಣಿವೆಗೆ ಹೊರಟರೆ ಹಿಂದಿರುಗುವಾಗ ಗಂಟುಗಳ ಮೇಲೆ ಕವಲು ಕೊಂಬುಗಳು ಕಾಡಿನಂತೆ ಎದ್ದು ನಿಂತಿರುತ್ತಿದ್ದವು. ಆ ಮೆರವಣಿಗೆ ನೋಡಲು ಊರಿನವರು ರಸ್ತೆಗೆ ಬರುತ್ತಿದ್ದರು.

ಆಮೇಲೆ ಸರ್ಕಾರ ಕೆನಡಾದಿಂದ ತೋಳಗಳನ್ನು ತಂದು ಬಿಟ್ಟಿತು. ತಾತಂದಿರು ವಿಷ ಹಾಕಿ ಕೊಂದು ಮುಗಿಸಿದ್ದ ತೋಳಕ್ಕೆ ಮೊಮ್ಮಕ್ಕಳ ಕಾಲದಲ್ಲಿ ಕಾನೂನಿನ ಕಾವಲು. ಮುಟ್ಟಿದರೆ ಜೈಲು. ಮೊದಮೊದಲು ವೆಂಡೆಲ್ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಇಷ್ಟು ದೊಡ್ಡ ಕಾಡು, ನಾಲ್ಕು ತೋಳ ಎಷ್ಟು ತಿಂದಾವು ಎಂದುಕೊಂಡ. ವರ್ಷದಿಂದ ವರ್ಷಕ್ಕೆ ಗೊರಸಿನ ಗುರುತು ವಿರಳವಾಗುತ್ತ, ಪಂಜದ ಗುರುತು ದಟ್ಟವಾಗುತ್ತ ಬಂತು. ಅಂಗಡಿಯ ಮಾಂಸ ಮನೆಗೆ ಬಂದ ಆ ವರ್ಷದ ಶರತ್ಕಾಲದಲ್ಲಂತೂ ಒಹಾಯೋದ ತಂಡವೊಂದನ್ನು ಬೆಟ್ಟದಿಂದ ಬೆಟ್ಟಕ್ಕೆ ಕರೆದೊಯ್ದು, ಗಂಡು ಎಲ್ಕ್‌ನ ಕೂಗನ್ನು ಅಣಕಿಸುವ ಕೊಳವೆ ಊದಿ ಊದಿ ಅವನ ತುಟಿ ಒಡೆಯಿತು. ಯಾವ ಗಂಡೂ ಓಗೊಡಲಿಲ್ಲ. ಕೊನೆಯ ಸಂಜೆ ಎದುರಿನ ಬೆಟ್ಟದಿಂದ ಉತ್ತರ ಬಂತು. ತೋಳಗಳ ಊಳು.

"ಆಹಾ!" ಎಂದ ಒಹಾಯೋದವನೊಬ್ಬ, ಕಣ್ಣರಳಿಸಿ. "ಇದೊಂದು ಕೇಳಿದ್ದಕ್ಕೇ ಬಂದಿದ್ದು ಸಾರ್ಥಕ ಆಯ್ತು ನೋಡಿ!"

ವೆಂಡೆಲ್ ನಕ್ಕಂತೆ ಮಾಡಿದ. ಆ ತಂಡ ಮುಂದಿನ ವರ್ಷಕ್ಕೆ ಮಾತು ಕೊಡದೆ ಹೋಯಿತು. ಬೇರೆಯವರು ಫೋನ್ ಮಾಡಿ, ಎಲ್ಕ್ ಸಿಗುತ್ತವೆಯೇ ಎಂದು ಕೇಳಿದಾಗ ಅವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಆ ಚಳಿಗಾಲ ಹಿಮ ಸುರಿಯಿತು ಅಂದರೆ ಸುರಿಯಿತು. ಒಂದು ಬೆಳಿಗ್ಗೆ ಹೇಸರಗತ್ತೆಗಳಿಗೆ ಹುಲ್ಲು ಹಾಕಲು ಹೋದ ವೆಂಡೆಲ್ ಬೇಲಿಯ ಬಳಿ ನಿಂತುಬಿಟ್ಟ. ಹುಲ್ಲಿನ ಬಣವೆಗೆ ಮೈ ತಾಗಿಸಿಕೊಂಡು ಹೆಣ್ಣು ಎಲ್ಕ್‌ಗಳು ನಿಂತಿದ್ದವು. ಪಕ್ಕೆಲುಬು ಎಣಿಸಬಹುದಾದಷ್ಟು ಬಡಕಲು, ಆದರೆ ಹೊಟ್ಟೆ ಮಾತ್ರ ಕೆಳಗೆ ತೂಗುತ್ತಿತ್ತು. ಬಸುರಿ ಹೆಣ್ಣುಗಳು. ಒಂದು ಮುದಿ ಹೆಣ್ಣು, ಎಡಗಿವಿ ಹರಿದದ್ದು, ಅವನನ್ನು ನೋಡಿಯೂ ಓಡಲಿಲ್ಲ. ಬಾಯಲ್ಲಿದ್ದ ಹುಲ್ಲನ್ನು ಅಗಿಯುತ್ತಲೇ ಇತ್ತು.

ಅವನು ಓಡಿಸಬೇಕಿತ್ತು. ಓಡಿಸುವ ಬದಲು ಬಣವೆ ಹತ್ತಿ ಇನ್ನೊಂದಿಷ್ಟು ಹುಲ್ಲು ಕೆಳಗೆ ತಳ್ಳಿದ.

ಮರುದಿನ ಇನ್ನಷ್ಟು ಬಂದವು. ವಾರ ಕಳೆಯುವಷ್ಟರಲ್ಲಿ ಮೇಲಿನ ಕಣಿವೆಯಲ್ಲಿ ಉಳಿದಿದ್ದ ಹಿಂಡಿಗೆ ಹಿಂಡೇ ಅವನ ಹಿತ್ತಿಲಿಗೆ ಇಳಿದಿತ್ತು. ವೆಂಡೆಲ್ ನಡೆಯುವ ರೀತಿಯೇ ಬದಲಾಯಿತು. ಬೆಳಗಾಗುತ್ತಲೇ ಎದ್ದು ಕಾಫಿಯ ಲೋಟ ಹಿಡಿದು ಕಿಟಕಿಗೆ ಹೋಗಿ ನಿಲ್ಲುವನು. "ವಸಂತದಲ್ಲಿ ಇವೆಲ್ಲ ಮರಿ ಹಾಕಿದ್ರೆ ಮಾರ್ವಾ, ಎರಡು ವರ್ಷದಲ್ಲಿ ಕಣಿವೆ ಮತ್ತೆ ಮೊದಲಿನ ಹಂಗೆ," ಎನ್ನುವನು. ಹೇಸರಗತ್ತೆಗಳ ಪಾಲಿನ ಹುಲ್ಲು ಕರಗುತ್ತಿದೆ ಎಂದು ಮಾರ್ವಾಗೆ ಕಾಣುತ್ತಿತ್ತು. ಗಂಡನ ಮುಖದ ಗೆಲುವು ನೋಡಿ ಸುಮ್ಮನಿದ್ದಳು.

ಊರಿನ ಏಕೈಕ ಬಾರಿನ ಮಾಲೀಕ ಗಸ್ ಪಿಕಾರ್ಡ್ ಅವನ ಬಾಲ್ಯದ ಗೆಳೆಯ, ನಾಲಿಗೆಗೆ ಮೂಳೆ ಇಲ್ಲದವನು. "ಏನಪ್ಪಾ ವೆಂಡೆಲ್, ಬೇಟೆ ಬಿಟ್ಟು ದನ ಕಾಯೋಕೆ ಶುರು ಮಾಡಿದೆಯಂತೆ? ಹಾಲು ಕರೆದ್ರೆ ನಂಗೂ ಒಂದು ಚೊಂಬು ಕಳ್ಸು ಮಾರಾಯ!"

"ನಗು, ನಗು. ಮುಂದಿನ ವರ್ಷ ಎಲ್ಕ್ ಬೇಕು ಅಂತ ನನ್ನ ಬಾಗಿಲಿಗೇ ಬರ್ತೀಯ."

"ಅಲ್ವೋ, ತೋಳಕ್ಕೆ ಗೊತ್ತಾಗಲ್ವಾ, ಊಟ ಎಲ್ಲಿ ಬಡಿಸಿಟ್ಟಿದಾರೆ ಅಂತ?"

ಗಸ್ ತಮಾಷೆಗೆ ಹೇಳಿದ್ದನ್ನು ಬ್ರೈಡಿ ಕಾಸ್ಪರ್ ಗಂಭೀರವಾಗಿ ಹೇಳಲು ಬಂದಳು. ಬ್ರೈಡಿ ವನ್ಯಜೀವಿ ಇಲಾಖೆಯವಳು, ಅದೇ ಊರಿನ ಹುಡುಗಿ. ಅಪ್ಪನಿಲ್ಲದ ಅವಳಿಗೆ ಬಂದೂಕು ಹಿಡಿಯುವುದನ್ನು ಕಲಿಸಿದವನು ವೆಂಡೆಲ್. ಬೇಲಿಗೆ ಒರಗಿ ಹಿಂಡನ್ನು ಬಹಳ ಹೊತ್ತು ನೋಡಿದಳು.

"ಹುಲ್ಲು ನಿಲ್ಸಬೇಕು ವೆಂಡೆಲ್. ಒಂದೇ ಕಡೆ ಇಷ್ಟು ಸೇರಿಸಿದ್ರೆ ರೋಗ ಹಬ್ಬುತ್ತೆ. ತೋಳನೂ ಬರುತ್ತೆ."

"ನಿಲ್ಸಿದ್ರೆ?"

"ಚದುರಿ ಹೋಗ್ತವೆ. ಕೆಲವು ಸಾಯ್ತವೆ, ಕೆಲವು ಉಳೀತವೆ."

"ನೋಡು, ಇದನ್ನ ಹೇಳೋಕೆ ನೀನೇ ಬೇಕಿತ್ತಾ? ತೋಳ ತಂದವರೂ ನೀವೇ, ತಿನ್ನಲಿ ಬಿಡಿ ಅನ್ನೋರೂ ನೀವೇ!"

"ಬರೀ ತೋಳ ಅಲ್ಲ, ನಿಮಗೂ ಗೊತ್ತು. ಹಳೇ ಕಾಡ್ಗಿಚ್ಚಿನ ಬಯಲೆಲ್ಲ ಈಗ ದಟ್ಟ ಕಾಡಾಯ್ತು, ಕೆಳಗೆ ಹುಲ್ಲು ಹುಟ್ಟಲ್ಲ. ಕರಡೀನೂ ಮರಿ ತಿನ್ನುತ್ತೆ. ತೋಳ ಕೊನೇ ಏಟು ಹೊಡೀತು, ಸುಳ್ಳಲ್ಲ. ಆದರೆ..."

"ನಿನ್ನ ಕೈಗೆ ಬಂದೂಕು ಕೊಟ್ಟೋನು ನಾನು, ಬ್ರೈಡಿ."

"ಅದಕ್ಕೇ ನಾನೇ ಬಂದೆ," ಎಂದಳು ಅವಳು. "ಬೇರೆಯೋರು ಬಂದಿದ್ರೆ ನೋಟಿಸ್ ಕೊಟ್ಟು ಹೋಗ್ತಿದ್ರು."

ವೆಂಡೆಲ್ ಅವಳ ಎದುರಿಗೇ ಇನ್ನೊಂದು ಹೊರೆ ಹುಲ್ಲು ಹಾಕಿದ.

ಫೆಬ್ರವರಿಯಲ್ಲಿ ಹಿಮದ ಮೇಲೆ ಮಳೆ ಬಿದ್ದು, ಅದರ ಮೇಲೆ ಚಳಿ ಬಿಗಿಯಿತು. ನೆಲಕ್ಕೆಲ್ಲ ಗಾಜಿನ ಹೊದಿಕೆ ಹೊದಿಸಿದ ಹಾಗೆ. ತೋಳದ ಹಗುರ ಪಾದ ಅದರ ಮೇಲೆ ಓಡಬಲ್ಲದು. ಎಲ್ಕ್‌ನ ಭಾರದ ಗೊರಸು ಒಡೆದು ಒಳಗೆ ಸಿಕ್ಕಿಬೀಳುತ್ತದೆ. ಅಂಥದೊಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವನ ನಾಯಿ ಬೊಗಳತೊಡಗಿತು. ವೆಂಡೆಲ್ ಕಿಟಕಿಗೆ ಬಂದಾಗ ಐದಾರು ತೋಳಗಳು ಬೇಲಿಯ ಆಚೆ ಆತುರವಿಲ್ಲದೆ ಅಡ್ಡಾಡುತ್ತಿದ್ದವು, ಸಂತೆಗೆ ಬಂದವರ ಹಾಗೆ. ಅವನು ಬೂಟು ಹಾಕಿಕೊಳ್ಳುವಷ್ಟರಲ್ಲಿ ಒಂದು ಎಳೆಯ ಹೆಣ್ಣು ನೆಲಕ್ಕೆ ಬಿದ್ದಿತ್ತು. ಅದು ಸಾಯುವ ಮೊದಲೇ ತಿನ್ನತೊಡಗಿದ್ದವು. ಹೊಟ್ಟೆಯೊಳಗಿನ ಮರಿಯನ್ನು ಕರಿ ತೋಳವೊಂದು ಎಳೆದುಕೊಂಡು ದೂರ ಹೋಗಿ ಕೂತಿತು.

ವೆಂಡೆಲ್ ಬಂದೂಕು ಎತ್ತಿದ. ಮಾರ್ವಾ ಅಂಗಳಕ್ಕೆ ಓಡಿ ಬಂದು ನಳಿಗೆಯನ್ನು ಕೈಯಿಂದ ಕೆಳಗೆ ಒತ್ತಿದಳು. "ಜೈಲಿಗೆ ಹೋಗ್ತೀಯಾ? ನಾನೊಬ್ಳೇ ಇಲ್ಲಿ ಏನ್ ಮಾಡ್ಲಿ?"

ಅವನು ಒಳಗೆ ಬಂದು ಬ್ರೈಡಿಗೆ ಫೋನ್ ಮಾಡಿದ. "ನನ್ನ ಹಿತ್ತಲಲ್ಲಿ, ನನ್ನ ಕಣ್ಣೆದುರಿಗೆ ಹರಿದು ತಿಂತಾ ಇದಾವೆ. ಹೊಡೀಲಾ?"

"ಬೇಡಿ. ಸಾಕಿದ ಪ್ರಾಣಿ ಮೇಲೆ ಬಿದ್ರೆ ಹೊಡೀಬಹುದು, ಹೇಸರಗತ್ತೆ, ನಾಯಿ, ಹಂಗೇನಾದ್ರೂ. ಎಲ್ಕ್ ಮೇಲೆ ಬಿದ್ರೆ ಆಗಲ್ಲ. ದಯವಿಟ್ಟು ಹುಲ್ಲು ನಿಲ್ಸಿ."

ಅವನು ಫೋನ್ ಇಟ್ಟ. ಕಾನೂನು ಹೇಳಿದ ಆ ಮಾತು ಅವನ ತಲೆಯಲ್ಲಿ ಹುಳದಂತೆ ಕೊರೆಯತೊಡಗಿತು. ಹೇಸರಗತ್ತೆಯ ಮೇಲೆ ಬಿದ್ದರೆ ಹೊಡೆಯಬಹುದು. ತೋಳಗಳು ಎರಡು ದಿನ ಬಿಟ್ಟು ಮತ್ತೆ ಬಂದವು. ಮತ್ತೆ ಎರಡು ಹೆಣ್ಣು ಹೋದವು. ಆ ಮಧ್ಯಾಹ್ನ ವೆಂಡೆಲ್ ಕೊಟ್ಟಿಗೆಗೆ ಹೋಗಿ ಓಪಲ್‌ಳನ್ನು ಬಿಚ್ಚಿದ.

ಓಪಲ್ ಅವನ ಹೇಸರಗತ್ತೆಗಳಲ್ಲಿ ಹಿರಿಯಳು, ಸಾಲಿನ ಮುಂದಾಳು. ಮಂಜು ಕವಿದ ಕಣಿವೆಯಲ್ಲಿ ಅವನಿಗೆ ದಾರಿ ತಪ್ಪಿದಾಗ ಹಗ್ಗ ಸಡಿಲಿಸಿದರೆ ಸಾಕು, ಬಿಡಾರಕ್ಕೆ ತಂದು ನಿಲ್ಲಿಸುತ್ತಿದ್ದಳು. ಅವಳನ್ನು ತಂದು ಹುಲ್ಲಿನ ನಡುವೆ, ಎಲ್ಕ್‌ಗಳ ಜೊತೆ, ಗೂಟಕ್ಕೆ ಕಟ್ಟಿದ.

ಮಾರ್ವಾಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದಾಗ ಅವಳ ಮುಖ ಬಿಳಿಚಿತು. "ವೆಂಡೆಲ್, ಅವಳನ್ನ ಎರೆ ಮಾಡ್ತಿದೀಯಾ?"

"ಒಂದ್ಸಲ ಹಲ್ಲು ತಾಗಿದ್ರೆ ಸಾಕು. ಆಮೇಲೆ ಕಾನೂನು ನನ್ನ ಕಡೆ."

"ಜೀವಮಾನವೆಲ್ಲ ನಿನ್ನ ಹೊರೆ ಹೊತ್ತವಳು ಅವಳು. ತೋಳಕ್ಕಾದ್ರೂ ಹಸಿವು ಅಂತ ಒಂದು ನೆಪ ಇದೆ!"

ಅವನು ಗೂಟದ ಗಂಟು ಬಿಗಿದ. ಮರುದಿನ ಬೆಳಗಿನಿಂದ ಬಣವೆಯ ಹಿಂದೆ ಕೂತ. ಕಾಲು ಮರಗಟ್ಟಿತು. ಓಪಲ್ ಆಗಾಗ ಕಿವಿ ತಿರುಗಿಸಿ ಅವನಿದ್ದ ಕಡೆಗೇ ನೋಡುತ್ತಿದ್ದಳು. ಅದು ಅವನಿಗೆ ಸಹಿಸಲಾಗದೆ ಬೇರೆಡೆ ನೋಡಿದ.

ಎರಡನೆಯ ದಿನ ಬಿಸಿಲೇರಿದಾಗ ತೋಳಗಳು ಬಂದವು. ಕರಿ ತೋಳ ಓಪಲ್‌ಳ ಹತ್ತಿರ ಬಂದು ಮೂಸಿತು. ವೆಂಡೆಲ್‌ನ ಬೆರಳು ಬಂದೂಕಿನ ಕುದುರೆಯ ಮೇಲೆ ಬಿಗಿಯಿತು. ಓಪಲ್ ಹಲ್ಲು ಕಿರಿದು ಹಿಂಗಾಲಿನಿಂದ ಒಂದು ಒದೆ ಬೀಸಿದಳು. ತೋಳ ಪಕ್ಕಕ್ಕೆ ಸರಿದು, ಇದರ ಸಹವಾಸ ಬೇಡವೆಂಬಂತೆ ಎಲ್ಕ್‌ಗಳ ಕಡೆಗೆ ತಿರುಗಿತು. ಹರಿದ ಕಿವಿಯ ಮುದಿ ಹೆಣ್ಣಿನ ತೊಡೆಗೆ ಎರಡು ತೋಳ ನೇತಾಡಿದವು. ಅದು ಕೂಗಲಿಲ್ಲ. ತೋಳಗಳನ್ನು ಎಳೆದುಕೊಂಡೇ ಬಣವೆಯ ಕಡೆಗೆ, ದಿನಾ ಹುಲ್ಲು ಬೀಳುತ್ತಿದ್ದ ಕಡೆಗೆ, ಅವನ ಕಡೆಗೆ ಬಂತು.

ವೆಂಡೆಲ್‌ಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕಿರುಚಿದ. ಆಕಾಶಕ್ಕೆ ಗುಂಡು ಹಾರಿಸಿದ, ಒಂದು, ಇನ್ನೊಂದು, ಮದ್ದು ಮುಗಿಯುವವರೆಗೆ.

ತೋಳಗಳು ಚದುರಿದವು. ಹಿಂಡೂ ಬೆದರಿತು. ಒಂದು ಕಡೆ ಮನೆ, ಇನ್ನೊಂದು ಕಡೆ ತೋಳ, ಹಿಂದೆ ಬಂದೂಕು. ತೆರೆದಿದ್ದದ್ದು ಒಂದೇ ದಿಕ್ಕು: ಹಿತ್ತಿಲಿನ ಕೆಳಗಿನ ಅಣೆಕಟ್ಟಿನ ಹಿನ್ನೀರು, ಹೆಪ್ಪುಗಟ್ಟಿ, ಹಿಮ ಹೊದ್ದು ಬಯಲಿನಂತೆ ಮಲಗಿದ್ದದ್ದು. ಇಡೀ ಹಿಂಡು ಬೇಲಿ ಮುರಿದು ಅತ್ತ ನುಗ್ಗಿತು. ಓಪಲ್ ಗೂಟ ಕಿತ್ತುಕೊಂಡು ಅವುಗಳ ಹಿಂದೆಯೇ ಓಡಿದಳು.

"ಬೇಡ! ಅತ್ಲಾಗೆ ಬೇಡ!" ವೆಂಡೆಲ್ ಕೂಗುತ್ತ ಓಡಿದ.

ದಡದ ಅಂಚಿನಲ್ಲಿ ಓಪಲ್ ಮುಂಗಾಲು ಊರಿ ನಿಂತುಬಿಟ್ಟಳು. ಮೈ ನಡುಗುತ್ತಿತ್ತು, ಒಂದು ಹೆಜ್ಜೆ ಮುಂದಿಡಲಿಲ್ಲ. ಎಲ್ಕ್‌ಗಳು ನಿಲ್ಲಲಿಲ್ಲ. ನಡುವಿಗೆ ತಲುಪಿದ್ದವು, ಒಟ್ಟೊಟ್ಟಿಗೆ, ಮೈಗೆ ಮೈ ಒತ್ತಿಕೊಂಡು. ಮೊದಲು ಒಂದು ನಿಡಿದಾದ ನರಳಿಕೆ ಕೇಳಿಸಿತು. ಆಮೇಲೆ ನೆಲವೇ ಬಾಯಿ ಬಿಟ್ಟಂತೆ ಮಂಜುಗಡ್ಡೆ ಒಡೆಯಿತು. ಕಪ್ಪು ನೀರಿನ ಮೇಲೆ ತಲೆಗಳಷ್ಟೇ ಉಳಿದವು, ಎಲ್ಲವೂ ದಡದ ಕಡೆಗೆ ತಿರುಗಿ.

ಮಾರ್ವಾ ಫೋನ್ ಮಾಡಿದ್ದರಿಂದ ಗಸ್ ಬಂದ, ಬ್ರೈಡಿ ಬಂದಳು. ವೆಂಡೆಲ್ ಹೊಟ್ಟೆಯ ಮೇಲೆ ತೆವಳುತ್ತ ಮಂಜುಗಡ್ಡೆಯ ಅಂಚಿಗೆ ಹೋಗಿ ಕುತ್ತಿಗೆಗಳಿಗೆ ಹಗ್ಗ ಎಸೆದ. ದಡದಲ್ಲಿ ಓಪಲ್‌ಳ ಮೈಗೆ ಹಗ್ಗ ಬಿಗಿದು ಬ್ರೈಡಿ ಎಳೆಸಿದಳು. ಓಪಲ್ ಎಳೆದಳು, ಬಾಯಲ್ಲಿ ನೊರೆ ಬರುವವರೆಗೂ ಎಳೆದಳು. ನಾಲ್ಕು ಎಲ್ಕ್‌ಗಳು ಮೇಲೆ ಬಂದವು. ಮೂರು ಎದ್ದೇಳಲಿಲ್ಲ. ಒಂದು ತತ್ತರಿಸುತ್ತ ಎದ್ದು, ಮೈಯ ಮೇಲೆ ಹೆಪ್ಪುಗಟ್ಟಿದ ನೀರು ಗಲಗಲ ಅನ್ನುತ್ತಿರಲು, ಮರಗಳ ಒಳಗೆ ನಡೆದುಹೋಯಿತು. ಹರಿದ ಕಿವಿಯದು ನೀರಿನಲ್ಲೇ ಉಳಿಯಿತು. ಒಂದೊಂದಾಗಿ ತಲೆಗಳು ಮುಳುಗುತ್ತ ಬಂದವು. ಆಚೆ ದಡದಲ್ಲಿ ತೋಳಗಳು ಕೂತು ನೋಡುತ್ತಿದ್ದವು.

"ಇನ್ನೊಂದಕ್ಕೆ ಹಾಕ್ತೀನಿ, ಹಗ್ಗ ಬಿಡು," ಎನ್ನುತ್ತಿದ್ದ ವೆಂಡೆಲ್, ನೀರಿನಲ್ಲಿ ಒಂದು ತಲೆಯೂ ಕಾಣದಾದ ಮೇಲೂ. ಗಸ್ ಅವನ ಕಾಲು ಹಿಡಿದು ಹಿಂದಕ್ಕೆ ಎಳೆದ. "ಇನ್ನಿಲ್ಲ ಕಣೋ. ಬಾ. ಇನ್ನೊಂದಿಲ್ಲ." ಜೀವಮಾನದಲ್ಲಿ ಮೊದಲ ಸಲ ಗಸ್‌ನ ಬಾಯಿಂದ ತಮಾಷೆ ಹೊರಡಲಿಲ್ಲ.

ಒಲೆಯ ಮುಂದೆ ಕಂಬಳಿ ಹೊದ್ದು ಕೂತವನ ಎದುರು ಬ್ರೈಡಿ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಳು. ಅವಳು ಬಯ್ಯುತ್ತಾಳೆಂದು ಅವನು ಕಾದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಹೇಳು," ಎಂದ. "ನಾನು ಹೇಳಿದ್ದೆ ಅಂತ ಹೇಳು."

"ಹೇಳಲ್ಲ," ಎಂದಳು. ಕಣ್ಣು ಒರೆಸಿಕೊಂಡು ಹೊರಗೆ ಹೋದಳು. ಅವನ ಮೇಲೆ ಯಾವ ಕೇಸೂ ಹಾಕಲಿಲ್ಲ.

ವಸಂತದಲ್ಲಿ ಮಂಜು ಕರಗಿದಾಗ ಹಿನ್ನೀರಿನ ದಡಕ್ಕೆ ಹೆಣಗಳು ಬಂದು ತಾಗಿದವು. ಹದ್ದು, ಕರಡಿ, ತೋಳ ಎಲ್ಲಕ್ಕೂ ಸುಗ್ಗಿ. ವಾಸನೆಗೆ ಮಾರ್ವಾ ಕಿಟಕಿ ತೆರೆಯಲಿಲ್ಲ. ವೆಂಡೆಲ್ ಹೇಸರಗತ್ತೆಗಳನ್ನು ನದಿ ಹರಿಯುವ ಕೆಳಗಿನ ಊರಿನ ಸಂಬಂಧಿಕರಿಗೆ ಒಪ್ಪಿಸಿದ. ಓಪಲ್‌ಳನ್ನೂ. ಅವಳನ್ನು ಇಟ್ಟುಕೊ ಎಂದು ಮಾರ್ವಾ ಹೇಳಿದಳು. "ಅವಳ ಮುಖ ಹೆಂಗೆ ನೋಡ್ಲಿ?" ಎಂದನಷ್ಟೆ. ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಗಾಡಿ ಓಡಿಸುವ ಕೆಲಸಕ್ಕೆ ಸೇರಿದ.

ಅದೇ ವರ್ಷ ಕಾನೂನು ಬದಲಾಯಿತು. ತೋಳ ಹೊಡೆಯಲು ಪರವಾನಗಿ ಕೊಡತೊಡಗಿದರು. ಗಸ್‌ನ ಬಾರಿನಲ್ಲಿ ಜನ ಹಬ್ಬ ಮಾಡಿದರು. ವೆಂಡೆಲ್ ಕೂಡ ಒಂದು ಪರವಾನಗಿ ಪಡೆದು, ನಡೆದುಕೊಂಡೇ ಮೇಲಿನ ಕಣಿವೆಗೆ ಹೋದ. ಹಳೆಯ ಬಿಡಾರದ ಸುತ್ತ ಹುಡುಕಿದ, ತೊರೆಯ ಕೆಸರು ನೋಡಿದ, ಬೆಟ್ಟದ ನೆತ್ತಿ ಹತ್ತಿ ಕೂತು ಕಿವಿಗೊಟ್ಟ. ಗೊರಸಿನ ಗುರುತಿಲ್ಲ. ಪಂಜದ ಗುರುತೂ ಇಲ್ಲ. ಗಾಳಿ ಬಿಟ್ಟರೆ ಏನೂ ಕೇಳಿಸಲಿಲ್ಲ.

ಗಡ್ಡ ಬೆಳೆಸಿಕೊಂಡು ಮನೆಗೆ ಬಂದವನಿಗೆ ಮಾರ್ವಾ ಬಾಗಿಲು ತೆರೆದಳು. "ಸಿಕ್ತಾ?"

"ಇಲ್ಲ," ಎಂದ ವೆಂಡೆಲ್, ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತ. "ತಿನ್ನೋಕೆ ಏನೂ ಇಲ್ಲ ಅಲ್ಲಿ. ಅವೂ ಊರು ಬಿಟ್ಟಿವೆ."